ಓದು ಕಲಿಸುವ ವಿಜ್ಞಾನವೂ ನಮ್ಮ ತಪ್ಪು ತಿಳಿವಳಿಕೆಗಳೂ: ಬಳ್ಳಾರಿಯ 1823ರ ವರದಿಯಿಂದ ಇಂದಿನವರೆಗೆ

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ, ಕಳುಹಿಸಬೇಕೇ ಬೇಡವೇ ಎಂದು ತೂಗಿ ನೋಡುತ್ತಿರುವ ತಂದೆತಾಯಂದಿರೇ,

ಜೂನ್ ತಿಂಗಳು ಹತ್ತಿರವಾದಂತೆ ಮಂಜೇಶ್ವರದಲ್ಲಿಯೂ ತಾಳವಾಡಿಯಲ್ಲಿಯೂ, ಅಕ್ಕಲಕೋಟೆಯಲ್ಲಿಯೂ ಆದವಾನಿಯಲ್ಲಿಯೂ ಮನೆಯೊಳಗಿನ ಮಾತು ಒಂದೇ: ಮಗುವನ್ನು ಯಾವ ಶಾಲೆಗೆ ಸೇರಿಸುವುದು? ಈಚೆಗೆ ಈ ಮಾತಿನ ನಡುವೆ ಹೊಸದೊಂದು ಪದ ಬಂದು ಕುಳಿತಿದೆ. "ಆ ಶಾಲೆಯಲ್ಲಿ ಫೋನಿಕ್ಸ್ ಇದೆ, ಸಂಶೋಧನೆಯ ಆಧಾರದ ಮೇಲೆ ಓದು ಕಲಿಸುತ್ತಾರೆ, ನಮ್ಮ ಕನ್ನಡ ಶಾಲೆಯಲ್ಲಿ ಇನ್ನೂ ಕಾಗುಣಿತವೇ" ಎಂಬ ಹೋಲಿಕೆ ಕಿವಿಗೆ ಬೀಳುತ್ತಿದೆ. ಆ ಹೋಲಿಕೆಯನ್ನು ಕೇಳಿ ಮನಸ್ಸು ಅಳುಕುವುದು ಸಹಜ. ಮಗುವಿನ ಭವಿಷ್ಯದ ಪ್ರಶ್ನೆಯಲ್ಲಿ ವಿಜ್ಞಾನದ ವಿರುದ್ಧ ನಿಲ್ಲಲು ಯಾರು ಬಯಸುತ್ತಾರೆ?

ಆದರೆ ಆ ಸಂಶೋಧನೆ ನಿಜಕ್ಕೂ ಏನು ಹೇಳಿದೆ? ಯಾವ ದೇಶದಲ್ಲಿ, ಯಾವ ಭಾಷೆಯ ಮಕ್ಕಳ ನಡುವೆ, ಯಾವ ವಾದವಿವಾದಗಳ ಬಳಿಕ ಹೇಳಿದೆ? ಇದನ್ನು ತಿಳಿಯದೆ ತೆಗೆದುಕೊಂಡ ನಿರ್ಧಾರ ಹೆದರಿಕೆಯ ನಿರ್ಧಾರವಾದೀತು. ಆದುದರಿಂದ ಈ ಬರಹದಲ್ಲಿ ಆ ಚರಿತ್ರೆಯನ್ನು ಸ್ವಲ್ಪ ದೀರ್ಘವಾಗಿ ನಿಮ್ಮ ಮುಂದಿಡುತ್ತೇನೆ. ಚರಿತ್ರೆ ಅಮೆರಿಕದ್ದೇ ಹೆಚ್ಚು. ಆದರೂ ಅದರ ಒಂದು ಎಳೆ ನಮ್ಮದೇ ಗಡಿನಾಡಿನ ಊರುಗಳಿಂದ ಹೊರಡುತ್ತದೆ. ಅಲ್ಲಿಂದಲೇ ಆರಂಭಿಸೋಣ.

ಬಳ್ಳಾರಿಯ ಮರಳು

1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ತನ್ನ ಆಡಳಿತದ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದನು. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಲ್ಲ. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಗಳೆಲ್ಲ ಅದರೊಳಗೇ ಇದ್ದವು. ಮಡಕಶಿರಾ 1882ರಲ್ಲಿ ಅನಂತಪುರ ಜಿಲ್ಲೆಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು 1953ರಲ್ಲಿ ಆಂಧ್ರಕ್ಕೆ ಹೋದವು. ಆ ವರದಿಯಂತೆ ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು, ಇಂಗ್ಲಿಷಿನವು. ಓದುತ್ತಿದ್ದ ಮಕ್ಕಳು 6,641. ಅವರಲ್ಲಿ ಹುಡುಗಿಯರು ಬರೀ 60. ಎರಡು ನುಡಿಗಳ ಶಾಲೆಗಳು ಒಂದೇ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿ ನಡೆಯುತ್ತಿದ್ದವು ಎಂಬುದನ್ನು ಗಮನಿಸಿ. ಗಡಿನಾಡಿನ ಬಹುಭಾಷಿಕತೆ 1956ರ ರಾಜ್ಯ ಪುನರ್ವಿಂಗಡಣೆಯ ದಿನ ಹುಟ್ಟಿದ್ದಲ್ಲ.

ಕ್ಯಾಂಬೆಲ್ ಶಾಲೆಯೊಳಗಿನ ಕಲಿಕೆಯನ್ನೂ ಬಣ್ಣಿಸಿದ್ದಾನೆ. ಮಗು ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತದೆ. ಕೈ ಪಳಗಿದ ಮೇಲೆ ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ, ಕಾಗದದ ಮೇಲೆ ಜೊಂಡಿನ ಲೇಖನಿಯಿಂದ, ಇಲ್ಲವೇ ಹಲಗೆ ಮತ್ತು ಕಡತದ ಮೇಲೆ ಬಳಪದಿಂದ ಬರೆಯುತ್ತದೆ. ಮುಂದಿರುವ ಮಕ್ಕಳು ಹಿಂದಿರುವವರಿಗೆ ಕಲಿಸುತ್ತಾರೆ. ಕಲಿಸುತ್ತ ತಮ್ಮದನ್ನು ಗಟ್ಟಿಮಾಡಿಕೊಳ್ಳುತ್ತಾರೆ. ಈ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿ, ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದು ಬರೆದನು. ಮದರಾಸಿನ ಸೈನಿಕ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಇಂಥ ಮರಳಿನ ಬರಹವನ್ನೂ ಮಕ್ಕಳಿಂದ ಮಕ್ಕಳಿಗೆ ಪಾಠವನ್ನೂ ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಿಕೆಯಾಗಿ ಪ್ರಕಟಿಸಿದ್ದನು. ಅದು 'ಮದರಾಸು ಪದ್ಧತಿ' ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು.

ಆದರೆ ಅದೇ ಕ್ಯಾಂಬೆಲ್ ಒಂದು ದೊಡ್ಡ ದೋಷವನ್ನೂ ಎತ್ತಿ ತೋರಿಸಿದನು. ಶಾಲೆಯಲ್ಲಿ ಓದಿಸುತ್ತಿದ್ದುದು ಹಳೆಯ ಪದ್ಯಗ್ರಂಥಗಳನ್ನು. ಅವುಗಳ ಭಾಷೆ ಮಕ್ಕಳ ಆಡುಮಾತಿಗೂ ವ್ಯವಹಾರದ ಭಾಷೆಗೂ ದೂರವಾಗಿತ್ತು. ಮಕ್ಕಳು ನೂರಾರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ತಿಳಿಯುತ್ತಿತ್ತು.

ಈ ಎರಡು ಮಾತುಗಳನ್ನು ನೆನಪಿನಲ್ಲಿಡಿ. ಅಕ್ಷರವನ್ನು ಕ್ರಮವಾಗಿ, ಕೈಯಿಂದ, ಮತ್ತೆಮತ್ತೆ ಕಲಿಸುವ ಶಿಸ್ತು ಒಂದು. ಓದಿದ್ದು ಮಗುವಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬ ಎಚ್ಚರ ಇನ್ನೊಂದು. ಮುಂದಿನ ಇನ್ನೂರು ವರ್ಷ ಅಮೆರಿಕದ ವಿದ್ವಾಂಸರು ಕಾದಾಡಿದ್ದು ಇವೆರಡರಲ್ಲಿ ಯಾವುದು ಹೆಚ್ಚು ಎಂಬುದಕ್ಕಾಗಿ.

ಅಮೆರಿಕದ ಓದಿನ ಕದನ

ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾಗಿದ್ದ ಹೊರೇಸ್ ಮ್ಯಾನ್ 1840ರ ದಶಕದಲ್ಲಿ ಅಕ್ಷರಮಾಲೆಯಿಂದ ಓದು ಆರಂಭಿಸುವುದನ್ನು ಕಟುವಾಗಿ ಟೀಕಿಸಿದನು. ಅರ್ಥವಿಲ್ಲದ ಒಂಟಿ ಅಕ್ಷರಗಳು ಮಗುವನ್ನು ಬೇಸರಗೊಳಿಸುತ್ತವೆ, ಆದ್ದರಿಂದ ಇಡೀ ಪದವನ್ನೇ ಮೊದಲು ತೋರಿಸಬೇಕು ಎಂಬುದು ಅವನ ವಾದ. 1844ರಲ್ಲಿ ಬಾಸ್ಟನ್ ನಗರದ 31 ಶಾಲಾ ಶಿಕ್ಷಕರು ಒಟ್ಟಾಗಿ ಅವನಿಗೆ ಪ್ರತ್ಯುತ್ತರ ಪ್ರಕಟಿಸಿದರು. ಅಕ್ಷರ ತಿಳಿಯದ ಮಗು ಹೊಸ ಪದವೊಂದು ಎದುರಾದಾಗ ಏನು ಮಾಡಬೇಕು ಎಂಬುದು ಆ ವಾದದ ತಿರುಳಿನಲ್ಲಿದ್ದ ಪ್ರಶ್ನೆ. ಅದು ಇಂದಿಗೂ ಹಳತಾಗಿಲ್ಲ.

1886ರಲ್ಲಿ ಜೇಮ್ಸ್ ಕ್ಯಾಟೆಲ್ ಜರ್ಮನಿಯ ಲೈಪ್‌ಜಿಗ್ ಪ್ರಯೋಗಾಲಯದ ತನ್ನ ಅಳತೆಗಳನ್ನು ಪ್ರಕಟಿಸಿದನು. ಓದು ಬಲ್ಲ ವಯಸ್ಕರು ಚಿಕ್ಕ ಪದವೊಂದನ್ನು ಒಂದೇ ಅಕ್ಷರದಷ್ಟು ಬೇಗ ಗುರುತಿಸುತ್ತಾರೆ ಎಂದು ಅವನಿಗೆ ಕಂಡಿತು. ಇದರಿಂದ ಅನೇಕರು ಒಂದು ತಪ್ಪು ತೀರ್ಮಾನಕ್ಕೆ ಜಿಗಿದರು: ಬಲ್ಲವರು ಹೀಗೆ ಓದುವುದಾದರೆ ಕಲಿಯುವವರಿಗೂ ಹೀಗೆಯೇ ಕಲಿಸೋಣ ಎಂದು. ಈಜು ಬಲ್ಲವನು ಯೋಚಿಸದೆ ಕೈಕಾಲು ಆಡಿಸುತ್ತಾನೆಂದು, ಈಜು ಕಲಿಯುವ ಮಗುವನ್ನು ನೇರವಾಗಿ ಬಾವಿಗೆ ತಳ್ಳಿದಂತಾಯಿತು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಅಮೆರಿಕದ ಶಾಲೆಗಳಲ್ಲಿ ಚಿತ್ರದ ಕೆಳಗೆ ಅವೇ ಕೆಲವು ಪದಗಳನ್ನು ಮತ್ತೆಮತ್ತೆ ಬರೆದ ಪುಸ್ತಕಗಳು ಮೆರೆದವು.

1955ರಲ್ಲಿ ರುಡಾಲ್ಫ್ ಫ್ಲೆಶ್ ಈ ಪದ್ಧತಿಯ ಮೇಲೆ ಉಗ್ರವಾದ ಪುಸ್ತಕ ಬರೆದನು. 1967ರಲ್ಲಿ ಹಾರ್ವರ್ಡಿನ ಜೀನ್ ಚಾಲ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ತೂಗಿ, ಅಕ್ಷರ ಮತ್ತು ಧ್ವನಿಯ ನಂಟನ್ನು ಆರಂಭದಲ್ಲೇ ನೇರವಾಗಿ ಕಲಿಸುವುದು ಹೆಚ್ಚು ಫಲ ಕೊಡುತ್ತದೆ ಎಂದಳು. ಇದು ಆರಂಭದ ಮಾತು ಮಾತ್ರ, ಓದಿನ ಇಡೀ ಮಾತಲ್ಲ ಎಂಬ ಎಚ್ಚರವೂ ಅವಳಿಗಿತ್ತು. ಅದೇ 1967ರಲ್ಲಿ ಕೆನೆತ್ ಗುಡ್‌ಮನ್ ವಿರುದ್ಧ ದಿಕ್ಕಿನ ಲೇಖನ ಬರೆದನು: ಓದೆಂಬುದು ಸಂದರ್ಭದಿಂದ ಪದವನ್ನು ಊಹಿಸುವ ಆಟ, ಒಳ್ಳೆಯ ಓದುಗ ಅಕ್ಷರಗಳನ್ನು ಕಡಿಮೆ ನೋಡಿ ಅರ್ಥವನ್ನು ಹೆಚ್ಚು ಊಹಿಸುತ್ತಾನೆ ಎಂದು. ಈ ಮಾತು ಕೇಳಲು ಇಂಪಾಗಿತ್ತು. ಕ್ಯಾಲಿಫೋರ್ನಿಯಾ ರಾಜ್ಯವು 1987ರಲ್ಲಿ ತನ್ನ ಪಠ್ಯನೀತಿಯನ್ನೇ ಈ ಧೋರಣೆಯ ಕಡೆಗೆ ತಿರುಗಿಸಿತು. 1994ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಅಲ್ಲಿನ ಮಕ್ಕಳ ಓದು ದೇಶದ ತಳಭಾಗದಲ್ಲಿ ಕಂಡುಬಂದಾಗ ಸರಕಾರ ಹಿಂದೆ ಸರಿಯಿತು. ಆ ಕುಸಿತಕ್ಕೆ ಬೋಧನಾಕ್ರಮವೊಂದೇ ಕಾರಣವೆನ್ನಲಾಗದು. ಆದರೆ ಊಹೆಯ ಸಿದ್ಧಾಂತವನ್ನು ಪ್ರಯೋಗಾಲಯವೂ ಅಷ್ಟರಲ್ಲಿ ಅಲ್ಲಗಳೆದಿತ್ತು. ಕೀತ್ ಸ್ಟಾನೋವಿಚ್ ಮತ್ತು ರಿಚರ್ಡ್ ವೆಸ್ಟ್ 1970ರ ದಶಕದ ಕೊನೆಯಲ್ಲಿ ಕಂಡದ್ದು ಗುಡ್‌ಮನ್ ಹೇಳಿದ್ದರ ತಲೆಕೆಳಗು: ಪದ ಗುರುತಿಸಲು ಸಂದರ್ಭದ ಊರುಗೋಲು ಹಿಡಿಯುವವರು ಓದಿನಲ್ಲಿ ಹಿಂದುಳಿದವರು. ಚೆನ್ನಾಗಿ ಓದುವವರಿಗೆ ಅಕ್ಷರಗಳೇ ಸಾಕು.

ಒಂದು ಗುಣಾಕಾರ

ಈ ಕದನದ ನಡುವೆ 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಒಂದು ಸರಳ ಸೂತ್ರವನ್ನು ಮುಂದಿಟ್ಟರು. ಅರ್ಥಸಹಿತ ಓದು ಎಂದರೆ ಎರಡು ಶಕ್ತಿಗಳ ಗುಣಲಬ್ಧ. ಬರೆದದ್ದನ್ನು ಬಿಡಿಸಿ ಉಚ್ಚರಿಸುವ ಶಕ್ತಿ ಮೊದಲನೆಯದು. ಅದೇ ಮಾತನ್ನು ಕಿವಿಯಿಂದ ಕೇಳಿದರೆ ಅರ್ಥಮಾಡಿಕೊಳ್ಳುವ ಶಕ್ತಿ ಎರಡನೆಯದು. ಗುಣಾಕಾರದಲ್ಲಿ ಒಂದು ಕಡೆ ಸೊನ್ನೆ ಬಂದರೆ ಉತ್ತರವೂ ಸೊನ್ನೆಯೇ. ಕಥೆ ಕೇಳಿ ಅರ್ಥಮಾಡಿಕೊಳ್ಳಬಲ್ಲ, ಆದರೆ ಅಕ್ಷರ ಬಾರದ ಮಗು ಓದಲಾರದು. ಅಕ್ಷರಗಳನ್ನು ಸರಾಗವಾಗಿ ಉಚ್ಚರಿಸಬಲ್ಲ, ಆದರೆ ಆ ಭಾಷೆಯೇ ತಿಳಿಯದ ಮಗುವೂ ಓದಲಾರದು. ಕ್ಯಾಂಬೆಲ್ ಬಳ್ಳಾರಿಯಲ್ಲಿ ಕಂಡ ಗಿಳಿಪಾಠ ಈ ಎರಡನೆಯ ಸೊನ್ನೆ.

1990ರಲ್ಲಿ ವೆಸ್ಲಿ ಹೂವರ್ ಮತ್ತು ಗಫ್ ಈ ಸೂತ್ರವನ್ನು ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದರು. ಪರೀಕ್ಷೆಗೆ ಆಯ್ದವರು ಟೆಕ್ಸಾಸಿನ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಮಕ್ಕಳು. ಅಂದರೆ ಭಾಷಾ ಅಲ್ಪಸಂಖ್ಯಾತರ ಮಕ್ಕಳೇ. ಓದಿನ ವಿಜ್ಞಾನದ ಮೂಲಸೂತ್ರವನ್ನು ಒರೆಗೆ ಹಚ್ಚಿದ್ದು ನಮ್ಮಂಥ ಮನೆಗಳ ಮಕ್ಕಳ ಮೇಲೆ ಎಂಬುದನ್ನು ನಾವು ಮರೆಯಬಾರದು.

ತಪ್ಪು ತಿಳಿವಳಿಕೆ ಒಂದು: ಸಂಶೋಧನೆ ಎಂದರೆ ಫೋನಿಕ್ಸ್

ಅಮೆರಿಕದ ಸಂಸತ್ತು 1997ರಲ್ಲಿ ಕೇಳಿದಂತೆ 14 ಮಂದಿಯ ರಾಷ್ಟ್ರೀಯ ಓದುವಿಕೆ ಸಮಿತಿಯೊಂದು ರಚನೆಯಾಗಿ 2000ರಲ್ಲಿ ವರದಿ ಕೊಟ್ಟಿತು. ಆ ವರದಿ ಹೆಸರಿಸಿದ ಅಂಗಗಳು ಐದು: ಮಾತಿನೊಳಗಿನ ಬಿಡಿಧ್ವನಿಗಳ ಅರಿವು, ಅಕ್ಷರ ಮತ್ತು ಧ್ವನಿಯ ನಂಟು, ಸರಾಗವಾದ ಓದು, ಪದಸಂಪತ್ತು, ಅರ್ಥಗ್ರಹಣ. ಫೋನಿಕ್ಸ್ ಈ ಐದರಲ್ಲಿ ಒಂದು. ಅದನ್ನು ಉಳಿದವುಗಳ ಜೊತೆಗೆ ಬೆಸೆದೇ ಕಲಿಸಬೇಕೆಂದೂ ವರದಿ ಸ್ಪಷ್ಟವಾಗಿ ಹೇಳಿತು.

ಒಂದಂಗವನ್ನೇ ಹಿಡಿದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲಿಯೇ ಸಾಕ್ಷಿ ಇದೆ. ಆ ವರದಿಯ ಬೆನ್ನಿಗೆ 2002ರಲ್ಲಿ ಆರಂಭವಾದ 'ರೀಡಿಂಗ್ ಫಸ್ಟ್' ಯೋಜನೆಗೆ ಸರಕಾರ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಸುರಿಯಿತು. 2008ರ ಮೌಲ್ಯಮಾಪನದಲ್ಲಿ ಒಂದನೆಯ ತರಗತಿಯ ಮಕ್ಕಳು ಪದ ಬಿಡಿಸಿ ಓದುವುದರಲ್ಲಿ ಮುಂದೆ ಬಂದಿದ್ದರು. ಅರ್ಥಗ್ರಹಣದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಕೀಲಿ ತಿರುಗಿತು; ಬಾಗಿಲ ಹಿಂದಿನ ಕೋಣೆಯಲ್ಲಿ ದೀಪವಿರಲಿಲ್ಲ. ಆದ್ದರಿಂದ ಶಾಲೆಯೊಂದು ಗೋಡೆಯ ಮೇಲೆ 'ಫೋನಿಕ್ಸ್' ಎಂದು ಬರೆಸಿದ ಮಾತ್ರಕ್ಕೆ ಅಲ್ಲಿ ಸಂಶೋಧನೆ ನೆಲೆಸಿದೆ ಎಂದು ತಿಳಿಯಬೇಡಿ. ನಿಮ್ಮ ಮಗು ಅಲ್ಲಿ ಇಂಗ್ಲಿಷ್ ಮಾತನ್ನು ಎಷ್ಟು ಕೇಳುತ್ತದೆ, ಎಷ್ಟು ಅರ್ಥಮಾಡಿಕೊಳ್ಳುತ್ತದೆ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ.

ತಪ್ಪು ತಿಳಿವಳಿಕೆ ಎರಡು: ಮಾತಿನಂತೆ ಓದೂ ತಾನಾಗಿ ಬರುತ್ತದೆ

ಇದು ಮೊದಲನೆಯದಕ್ಕೆ ವಿರುದ್ಧವಾದ ತಪ್ಪು. ಪುಸ್ತಕಗಳ ನಡುವೆ ಬಿಟ್ಟರೆ ಸಾಕು, ಮಗು ತಾನಾಗಿ ಓದುತ್ತದೆ ಎಂಬ ನಂಬಿಕೆ. ಮಾತು ಮನುಷ್ಯನಿಗೆ ಹುಟ್ಟಿನಿಂದ ಒಲಿಯುವ ಶಕ್ತಿ; ಬರಹವಾದರೋ ಸುಮಾರು 5,000 ವರ್ಷಗಳಷ್ಟು ಹಳೆಯ ಉಪಾಯ. ಕೆಲವೇ ಮಕ್ಕಳು ಅದರ ಗುಟ್ಟನ್ನು ತಾವೇ ಕಂಡುಕೊಳ್ಳುತ್ತಾರೆ. ಹೆಚ್ಚಿನವರಿಗೆ ಯಾರಾದರೂ ಕೈಹಿಡಿದು ತೋರಿಸಬೇಕು. ಮನೆಯಲ್ಲಿ ಓದು ಬಲ್ಲವರಿಲ್ಲದ ಮಗುವಿಗೆ ಈ ಕೈಹಿಡಿತ ಇನ್ನೂ ಅಗತ್ಯ, ಏಕೆಂದರೆ ಅದಕ್ಕೆ ಶಾಲೆಯ ಹೊರಗೆ ಬೇರೆ ದಾರಿಯಿಲ್ಲ. ನಮ್ಮ ಶಾಲೆಗಳಲ್ಲಿ ಮಗು ಪಾಠದ ಸಾಲಿನ ಕೆಳಗೆ ಬೆರಳಿಟ್ಟು ಗಡಗಡನೆ ಓದುವುದನ್ನು ಕಂಡು ನಾವು ಹಿಗ್ಗುತ್ತೇವೆ. ಕೆಲವೊಮ್ಮೆ ಅದು ಕಂಠಪಾಠ. ಬೆರಳೊಂದು ಪದದ ಮೇಲಿದ್ದರೆ ಬಾಯಿ ಇನ್ನೊಂದನ್ನು ಹೇಳುತ್ತಿರುತ್ತದೆ.

ತಪ್ಪು ತಿಳಿವಳಿಕೆ ಮೂರು: ಇಂಗ್ಲಿಷಿನ ನಿಯಮವೇ ಎಲ್ಲ ಭಾಷೆಗೂ ನಿಯಮ

ಇಲ್ಲಿ ನಾವು ನಮ್ಮ ಲಿಪಿಯ ಬಳಿಗೆ ಬರಬೇಕು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫಿಲಿಪ್ ಸೆಯ್ಮೋರ್ ಮತ್ತು ಜೊತೆಗಾರರು ಯೂರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿದರು. ಮೊದಲ ವರ್ಷದ ಕೊನೆಗೆ ಫಿನ್ನಿಷ್, ಜರ್ಮನ್ ಮೊದಲಾದ ಭಾಷೆಗಳ ಮಕ್ಕಳು ಪರಿಚಿತ ಪದಗಳನ್ನು ಬಹುತೇಕ ತಪ್ಪಿಲ್ಲದೆ ಓದಿದರು. ಇಂಗ್ಲಿಷ್ ಓದುವ ಸ್ಕಾಟ್ಲೆಂಡಿನ ಮಕ್ಕಳು ಓದಿದ್ದು ಶೇ 34. ಮಕ್ಕಳು ದಡ್ಡರಾಗಿರಲಿಲ್ಲ, ಇಂಗ್ಲಿಷಿನ ಕಾಗುಣಿತ ಅಷ್ಟು ತೊಡಕಿನದು. ಇಂಥ ವಿಚಿತ್ರ ಬರಹವನ್ನೇ ಅಳತೆಗೋಲಾಗಿಟ್ಟುಕೊಂಡು ಜಗತ್ತಿನ ಎಲ್ಲ ಓದನ್ನೂ ಅಳೆಯುವುದು ಸರಿಯಲ್ಲವೆಂದು ಇಸ್ರೇಲಿನ ಡೇವಿಡ್ ಶೇರ್ 2008ರಲ್ಲಿ ವಾದಿಸಿದನು.

ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರಹ. ಹಾಗೆಂದು ಕನ್ನಡದ ಓದು ಸುಲಭದ್ದೆಂದು ನಿರ್ಲಕ್ಷಿಸುವುದು ಮತ್ತೊಂದು ತಪ್ಪು. ನಮ್ಮ ತೊಡಕು ಬೇರೆ ಬಗೆಯದು. ವರ್ಣಮಾಲೆಯ ಅಕ್ಷರಗಳು 49. ಆದರೆ 34 ವ್ಯಂಜನಗಳಿಗೆ ಕಾಗುಣಿತ ಹಿಡಿಸಿದರೆ ರೂಪಗಳು ನಾನೂರನ್ನು ಮೀರುತ್ತವೆ. ಒತ್ತಕ್ಷರಗಳು ಅದರ ಮೇಲೆ. 'ಸೂರ್ಯ' ಎನ್ನುವಾಗ ಬಾಯಿ ಮೊದಲು ರಕಾರವನ್ನು ನುಡಿಯುತ್ತದೆ, ಕೈಯಾದರೋ ಮೊದಲು ಯಕಾರವನ್ನು ಬರೆದು ಬಳಿಕ ಅರ್ಕಾವೊತ್ತನ್ನು ಇಡುತ್ತದೆ. ಬೆಂಗಳೂರಿನ ಸೋನಾಲಿ ನಾಗ್ ಕನ್ನಡದ ಮಕ್ಕಳ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದ್ದು ಇದನ್ನೇ: ಇಂಗ್ಲಿಷಿನ 26 ಅಕ್ಷರಗಳಂತೆ ಇವು ಒಂದೇ ವರ್ಷದಲ್ಲಿ ಮುಗಿಯುವ ಪಾಠವಲ್ಲ, ಅಕ್ಷರಜ್ಞಾನವು ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಬೆಳೆಯುತ್ತ ಹೋಗುತ್ತದೆ. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ಮಗುವಿನ ಸೋಲಲ್ಲ, ಶಾಲೆಯ ಸೋಲೂ ಅಲ್ಲ. ಆದರೆ ಒತ್ತಕ್ಷರದ ಪಾಠವನ್ನು ಎರಡನೆಯ ತರಗತಿಗೇ ನಿಲ್ಲಿಸಿದ ಶಾಲೆಯನ್ನು ನಾವು ಪ್ರಶ್ನಿಸಬೇಕು.

ಇನ್ನೊಂದು ವ್ಯತ್ಯಾಸವಿದೆ. 'ಕಮಲ' ಎಂಬುದನ್ನು ಕ, ಮ, ಲ ಎಂದು ಬಿಡಿಸಲು ನಮ್ಮ ಮಗುವಿಗೆ ಕಷ್ಟವಿಲ್ಲ. ಅದರ ಮೊದಲ ಕಕಾರದ ಧ್ವನಿಯನ್ನಷ್ಟೇ ತೆಗೆದು 'ಅಮಲ' ಎನ್ನು ಎಂದರೆ ತಬ್ಬಿಬ್ಬಾಗುತ್ತದೆ. ಕನ್ನಡ ಬರಹದ ಘಟಕ ಅಕ್ಷರ. ಅದರೊಳಗಿನ ಬಿಡಿಧ್ವನಿಯ ಅರಿವು ನಿಧಾನವಾಗಿ, ಕಾಗುಣಿತ ಕಲಿಯುತ್ತ ಬರುತ್ತದೆ. ಇಂಗ್ಲಿಷ್ ಓದಿಗೆ ಆ ಅರಿವು ಮೊದಲ ದಿನದಿಂದ ಬೇಕು. ಆದ್ದರಿಂದ ಇಂಗ್ಲಿಷ್ ಕಲಿಸುವಾಗ ಫೋನಿಕ್ಸ್ ಬೇಕು, ಕನ್ನಡ ಕಲಿಸುವಾಗ ಕ್ರಮವಾದ ಅಕ್ಷರ ಮತ್ತು ಕಾಗುಣಿತದ ಪಾಠ ಬೇಕು. ಎರಡೂ ಒಂದೇ ತತ್ತ್ವದ ಎರಡು ರೂಪಗಳು. ಕಾಗುಣಿತವನ್ನು ಹಳೆಯ ಕಾಲದ್ದೆಂದು ನಗುವವರು ತಿಳಿಯಬೇಕಾದುದು ಇಷ್ಟು: ಅರ್ಥವಿಲ್ಲದೆ ರಾಗವಾಗಿ ಒಪ್ಪಿಸುವ ಕಾಗುಣಿತಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಕಲಿತ ನಾಲ್ಕು ಅಕ್ಷರಗಳಿಂದ ಕೂಡಲೇ ಪದ ಕಟ್ಟಿ, ಓದಿ, ಬರೆದು, ಮುಂದಿನ ಅಕ್ಷರಕ್ಕೆ ಹೋಗುವ ಪಾಠಕ್ಕೆ ಇದೆ.

ತಪ್ಪು ತಿಳಿವಳಿಕೆ ನಾಲ್ಕು: ಕನ್ನಡದಲ್ಲಿ ಕಲಿತರೆ ಬೇರೆ ಭಾಷೆಗೆ ಅಡ್ಡಿ

ಗಡಿನಾಡಿನ ತಂದೆತಾಯಂದಿರನ್ನು ಹೆಚ್ಚು ಕಾಡುವ ಭಯ ಇದು. ರಾಜ್ಯಭಾಷೆಯನ್ನು ಶಾಲೆಯಲ್ಲಿ ಕಡ್ಡಾಯಗೊಳಿಸುವ ಕಾನೂನುಗಳು ತಮಿಳುನಾಡಿನಲ್ಲಿ 2006ರಲ್ಲಿ, ಕೇರಳದಲ್ಲಿ 2017ರಲ್ಲಿ, ತೆಲಂಗಾಣದಲ್ಲಿ 2018ರಲ್ಲಿ, ಮಹಾರಾಷ್ಟ್ರದಲ್ಲಿ 2020ರಲ್ಲಿ ಬಂದವು. ನಮ್ಮ ಮಕ್ಕಳು ಹೇಗೂ ಮೂರು ಲಿಪಿಗಳನ್ನು ಹೊರಬೇಕು. ಹಾಗಿರುವಾಗ ಕನ್ನಡವೆಂಬ ಹೊರೆ ಏಕೆ ಎಂದು ಕೇಳುವವರಿದ್ದಾರೆ.

2000ರ ಅಮೆರಿಕದ ವರದಿ ಎರಡನೆಯ ಭಾಷೆಯಲ್ಲಿ ಓದು ಕಲಿಯುವ ಮಕ್ಕಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಆ ಕೊರತೆಯನ್ನು ತುಂಬಲು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗಾಗಿಯೇ ಬೇರೊಂದು ಸಮಿತಿಯನ್ನು ರಚಿಸಿದರು. ಡಯಾನ್ ಆಗಸ್ಟ್ ಮತ್ತು ಟಿಮತಿ ಶನಹನ್ ಸಂಪಾದಿಸಿದ ಅದರ ವರದಿ 2006ರಲ್ಲಿ ಹೊರಬಂತು. ಮೇಲೆ ಹೇಳಿದ ಐದು ಅಂಗಗಳು ಈ ಮಕ್ಕಳಿಗೂ ಉಪಯುಕ್ತ, ಆದರೆ ಅಷ್ಟೇ ಸಾಲದು ಎಂದಿತು ಆ ವರದಿ. ಹೊಸ ಭಾಷೆಯ ಮಾತನ್ನು ಬೆಳೆಸದೆ ಬರೀ ಅಕ್ಷರ ಕಲಿಸಿದರೆ ಈ ಮಕ್ಕಳು ಪದಗಳನ್ನು ಸಹಪಾಠಿಗಳಂತೆ ಉಚ್ಚರಿಸುತ್ತಾರೆ, ಅರ್ಥದಲ್ಲಿ ಹಿಂದುಳಿಯುತ್ತಾರೆ. ಮೊದಲ ಭಾಷೆಯಲ್ಲಿ ಪಡೆದ ಓದಿನ ಶಕ್ತಿ ಎರಡನೆಯ ಭಾಷೆಯ ಓದಿಗೆ ನೆರವಾಗುತ್ತದೆ ಎಂದೂ ಅದು ಕಂಡುಕೊಂಡಿತು. ಆದರೂ ರಾಜಕೀಯ ಸಂಶೋಧನೆಗೆ ಕಾಯುವುದಿಲ್ಲ. ಕ್ಯಾಲಿಫೋರ್ನಿಯಾ 1998ರಲ್ಲಿ ಜನಮತದಿಂದ ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ನಿಲ್ಲಿಸಿತ್ತು. 2016ರಲ್ಲಿ ಮತ್ತೊಂದು ಜನಮತದಿಂದ ಅದನ್ನು ಮರಳಿ ತೆರೆಯಿತು. ನಡುವಿನ ಹದಿನೆಂಟು ವರ್ಷಗಳಲ್ಲಿ ಒಂದು ತಲೆಮಾರಿನ ಮಕ್ಕಳು ಶಾಲೆ ಮುಗಿಸಿಬಿಟ್ಟಿದ್ದರು.

ನಮ್ಮ ನೆಲದಲ್ಲಿ ಈ ನೆರವು ಇನ್ನೂ ಕಣ್ಣಿಗೆ ಕಾಣುವಂಥದು. ಕವರ್ಗದಿಂದ ಪವರ್ಗದವರೆಗೆ ಉಚ್ಚಾರಣೆಯ ಸ್ಥಾನದಂತೆ ಜೋಡಿಸಿದ ವರ್ಣಮಾಲೆ ಕನ್ನಡ, ತೆಲುಗು, ಮಲಯಾಳ, ಮರಾಠಿಗಳಿಗೆ ಹೆಚ್ಚುಕಡಿಮೆ ಒಂದೇ. ಕ, ಕಾ, ಕಿ, ಕೀ ಎಂಬ ಗುಟ್ಟನ್ನು ಒಮ್ಮೆ ಕಂಡುಕೊಂಡ ಮಗು ಮತ್ತೊಂದು ಲಿಪಿಯಲ್ಲಿ ಹೊಸದಾಗಿ ಕಲಿಯುವುದು ಆಕಾರಗಳನ್ನು ಮತ್ತು ಕೆಲವು ಭೇದಗಳನ್ನು. ರಾಯದುರ್ಗದ ಮಗುವಿಗೆ ತೆಲುಗು ಲಿಪಿ ಅಕ್ಕತಂಗಿಯ ಮನೆಯಂತೆ. ಮಂಜೇಶ್ವರದ ಮಗು ಮಲಯಾಳದಲ್ಲಿ ಸ್ವರವಿಲ್ಲದ ವ್ಯಂಜನಕ್ಕಿರುವ ಚಿಲ್ಲಕ್ಷರಗಳನ್ನು ಹೊಸದಾಗಿ ಕಲಿಯಬೇಕು. ಜತ್ತದ ಮಗು ಮರಾಠಿಯಲ್ಲಿ 'ಘರ' ಎಂದು ಬರೆದದ್ದನ್ನು 'ಘರ್' ಎಂದು ಓದಬೇಕು. ಕನ್ನಡದ ಎ, ಏ ಎಂಬ ಹ್ರಸ್ವದೀರ್ಘ ಭೇದ ಅಲ್ಲಿ ಬರಹದಲ್ಲಿ ಕಾಣುವುದಿಲ್ಲವೆಂದೂ ತಿಳಿಯಬೇಕು. ಹೊಸೂರಿನ, ತಾಳವಾಡಿಯ ಮಗು ತಮಿಳಿನ 18 ವ್ಯಂಜನಗಳಲ್ಲಿ ಒಂದೇ ಅಕ್ಷರವನ್ನು ಜಾಗ ನೋಡಿ ಕಕಾರವಾಗಿಯೂ ಗಕಾರವಾಗಿಯೂ ಓದಬೇಕು. ಈ ಭೇದಗಳನ್ನು ಯಾರಾದರೂ ಬಾಯಿಬಿಟ್ಟು ಹೇಳಿಕೊಟ್ಟರೆ ವಾರಗಳ ಕೆಲಸ. ಹೇಳಿಕೊಡದಿದ್ದರೆ ಮಗು ವರ್ಷಗಟ್ಟಲೆ ತಪ್ಪುತ್ತದೆ, ನಾವು "ಕನ್ನಡದಿಂದಾಗಿ ಹೀಗಾಯಿತು" ಎಂದು ಕನ್ನಡವನ್ನು ದೂರುತ್ತೇವೆ.

ನಮ್ಮೊಳಗಿನ ತಪ್ಪು ತಿಳಿವಳಿಕೆ

ಕೊನೆಯ ತಪ್ಪನ್ನು ನಮ್ಮ ಕಡೆಯಿಂದಲೇ ಹೇಳಬೇಕು. ಕನ್ನಡ ಶಾಲೆಗೆ ಕಳುಹಿಸಿದೆವು, ಆದ್ದರಿಂದ ಅರ್ಥಗ್ರಹಣ ತಾನಾಗಿ ಬರುತ್ತದೆ ಎಂದು ಭಾವಿಸುವುದು. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆಡುವುದು ತುಳು, ಕೊಂಕಣಿ, ಬ್ಯಾರಿ ಇಲ್ಲವೇ ಮರಾಠಿ, ನೀಲಗಿರಿಯಲ್ಲಿ ಬಡಗ. ಹವ್ಯಕರ ಮನೆಯ ಮಗು 'ಎನಗೆ ಗೊಂತಿದ್ದು' ಎನ್ನುತ್ತದೆ, ಪುಸ್ತಕ 'ನನಗೆ ಗೊತ್ತಿದೆ' ಎನ್ನುತ್ತದೆ. ಬೇರೆ ಭಾಷೆಯಿಂದ ಅನುವಾದಗೊಂಡ ವಿಜ್ಞಾನದ ಪಾಠದ ಕನ್ನಡವಂತೂ ಕೆಲವೊಮ್ಮೆ ಶಿಕ್ಷಕರಿಗೇ ಬಿಡಿಸಲಾಗದ ಕಗ್ಗಂಟು. ಇವೆಲ್ಲ 1823ರ ಗಿಳಿಪಾಠದ ಹೊಸ ರೂಪಗಳೇ. ಮನೆಯ ಮಾತಿನಿಂದ ಪುಸ್ತಕದ ಕನ್ನಡಕ್ಕೆ ಸೇತುವೆ ಕಟ್ಟುವುದು ಶಿಕ್ಷಕರ ಕೆಲಸ. ಕನ್ನಡವೇ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ನಾವು ಪ್ರತಿಭಟಿಸುವುದು ಅಭಿಮಾನದ ಮಾತೆಂದು ಹೊರಗಿನವರು ತಿಳಿಯುತ್ತಾರೆ. ಗುಣಾಕಾರದ ಸೂತ್ರವನ್ನು ಅವರ ಮುಂದಿಡಿ. ಭಾಷೆ ಬಾರದ ಶಿಕ್ಷಕರ ತರಗತಿಯಲ್ಲಿ ಓದಿನ ಅರ್ಧ ಭಾಗಕ್ಕೆ ಸೊನ್ನೆ ಬೀಳುತ್ತದೆ.

ನೀವು ಮಾಡಬಹುದಾದುದು

ಮನೆಯಲ್ಲಿ ಎರಡು ಸಣ್ಣ ಪರೀಕ್ಷೆಗಳನ್ನು ಮಾಡಿ ನೋಡಿ. ಮಗು ಬಲ್ಲ ಪಾಠದ ಒಂದು ಸಾಲಿನ ಪದಗಳನ್ನು ಹಿಂದುಮುಂದು ಮಾಡಿ ಬರೆದುಕೊಡಿ. 'ಟಗಮ', 'ನೀಪುಳಿ' ಎಂಬಂಥ ಅರ್ಥವಿಲ್ಲದ ಪದಗಳನ್ನೂ ಸೇರಿಸಿ. ಅವನ್ನು ಓದಿದರೆ ಅಕ್ಷರ ಕೈವಶವಾಗಿದೆ. ಓದದಿದ್ದರೆ ಇದುವರೆಗಿನ ಓದು ಕಂಠಪಾಠ. ಇಂಗ್ಲೆಂಡಿನ ಶಾಲೆಗಳಲ್ಲಿ 2012ರಿಂದ ಮಕ್ಕಳಿಗೆ ನಡೆಯುವ 40 ಪದಗಳ ಪರೀಕ್ಷೆಯಲ್ಲಿ 20 ಇಂಥ ಕಟ್ಟುಪದಗಳೇ. ಬಳಿಕ, ಮಗು ಓದದೆ ಇರುವ ಪಾಠವೊಂದನ್ನು ನೀವೇ ಓದಿ ಹೇಳಿ, ತನ್ನ ಮಾತಿನಲ್ಲಿ ಅದನ್ನು ತಿರುಗಿ ಹೇಳಿಸಿ. ತುಳುವಿನಲ್ಲಿ ಹೇಳಲಿ, ಬಡಗದಲ್ಲಿ ಹೇಳಲಿ, ಅಡ್ಡಿಯಿಲ್ಲ. ಹೇಳಲಾಗದಿದ್ದರೆ ಕೊರತೆ ಇರುವುದು ಅಕ್ಷರದಲ್ಲಲ್ಲ, ಭಾಷೆಯಲ್ಲಿ. ಮದ್ದು ಯಾವ ಕಡೆಗೆ ಬೇಕೆಂದು ಆಗ ತಿಳಿಯುತ್ತದೆ. ಓದು ಬಾರದ ತಾಯಂದಿರೂ ಎರಡನೆಯ ಕೆಲಸದಲ್ಲಿ ಹಿಂದುಳಿದವರಲ್ಲ. ರಾತ್ರಿ ಹೇಳುವ ಕಥೆ, ಅಡುಗೆಯ ನಡುವಿನ ಮಾತು, ಸಂತೆಯ ಲೆಕ್ಕ ಇವೆಲ್ಲ ಓದಿನ ಅರ್ಧಪಾಲನ್ನು ತುಂಬುತ್ತವೆ.

ಶಾಲೆಯ ಸಭೆಯಲ್ಲಿ ಕೇಳಬೇಕಾದವು ಮೂರು. ಅಕ್ಷರ, ಕಾಗುಣಿತ, ಒತ್ತಕ್ಷರಗಳನ್ನು ಯಾವ ಕ್ರಮದಲ್ಲಿ, ಯಾವ ತರಗತಿಯವರೆಗೆ ಕಲಿಸುತ್ತೀರಿ? ವಾರಕ್ಕೆ ಎಷ್ಟು ಬಾರಿ ಮಕ್ಕಳಿಗೆ ಕಥೆ ಓದಿ ಹೇಳಿ ಮಾತನಾಡಿಸುತ್ತೀರಿ? ರಾಜ್ಯಭಾಷೆಯ ಮತ್ತು ಇಂಗ್ಲಿಷಿನ ಲಿಪಿ ಆರಂಭಿಸುವಾಗ ಕನ್ನಡದೊಂದಿಗಿನ ಹೋಲಿಕೆ, ಭೇದಗಳನ್ನು ತೋರಿಸುತ್ತೀರಾ? ಇದೇ ಪ್ರಶ್ನೆಗಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೂ ಕೇಳಿ. ಉತ್ತರ ಕೊಡಬಲ್ಲ ಶಾಲೆ ಒಳ್ಳೆಯ ಶಾಲೆ.

ಹಕ್ಕಿನ ಮಾತನ್ನೂ ಸೇರಿಸುತ್ತೇನೆ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಸಾಧ್ಯವಾದಮಟ್ಟಿಗೆ ಮಾತೃಭಾಷೆಯೇ ಮಾಧ್ಯಮವಾಗಲಿ ಎನ್ನುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ಆಯ್ಕೆಯನ್ನು ಸರಕಾರ ಹೇರುವಂತಿಲ್ಲವೆಂದು ತೀರ್ಪಿತ್ತು, ಆಯ್ಕೆಯನ್ನು ನಿಮ್ಮ ಕೈಗೇ ಕೊಟ್ಟಿದೆ. ಅಂದರೆ ಕನ್ನಡ ಶಾಲೆಯ ಹಾಜರಿಪುಸ್ತಕ ತುಂಬುವುದೋ ಖಾಲಿಯಾಗುವುದೋ ಎಂಬುದು ಕೊನೆಗೆ ನಿಮ್ಮ ತಿಳಿವಳಿಕೆಯ ಮೇಲೆ ನಿಂತಿದೆ. ಒಮ್ಮೆ ಮುಚ್ಚಿದ ಕನ್ನಡ ಶಾಲೆಯನ್ನು ಗಡಿಯಾಚೆ ಮತ್ತೆ ತೆರೆಯಿಸುವುದು ಎಷ್ಟು ಕಷ್ಟವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಯಾವ ಶಾಲೆಯನ್ನು ಆಯ್ದರೂ ಸರಿ, ವಿಜ್ಞಾನ ಆ ಕಡೆ ಇದೆ, ಕನ್ನಡ ಈ ಕಡೆ ಇದೆ ಎಂಬ ಮಾತನ್ನು ಮಾತ್ರ ನಂಬಿ ಆಯ್ಕೆ ಮಾಡಬೇಡಿ. ಸಂಶೋಧನೆ ಹೇಳಿದ್ದು ಎರಡೇ: ಅಕ್ಷರವನ್ನು ಕ್ರಮವಾಗಿ ಕಲಿಸಿ, ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಕಲಿಸಿ. ಮೊದಲನೆಯದನ್ನು ನಿಮ್ಮೂರಿನ ಕನ್ನಡ ಶಾಲೆಯಿಂದ ಕೇಳಿ ಪಡೆಯಿರಿ. ಎರಡನೆಯದು ನಿಮ್ಮ ಮನೆಯ ಜಗಲಿಯಲ್ಲಿ ಈಗಾಗಲೇ ಇದೆ.